ಎರರ್ ಸೊನ್ನೆ, ರಿಲೇ ಅಂಗಾತ

೨೦೦೨ರಲ್ಲಿ ನಾನು ತಿಪಟೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಧ್ಯಾಪಕಿಯಾಗಿದ್ದೆ. ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರ್ ನಮ್ಮ ಲ್ಯಾಬಿನ ಒಂದೇ ಒಂದು ಕಂಪ್ಯೂಟರಿನಲ್ಲಿತ್ತು. ಅದರ ಮೇಲೆ ರೇಗುವ ಹಕ್ಕು ನನಗೊಬ್ಬಳಿಗೇ ಇದೆಯೆಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಪೇಟೆಯ ಮೋಟರ್ ವೈಂಡಿಂಗ್ ಅಂಗಡಿಯ ರಹಮತ್ ಸಾಬರು ಬಂದರು. ಸುತ್ತಲಿನ ತೆಂಗಿನ ತೋಟಗಳ ಪಂಪ್‌ಸೆಟ್ ಸುಟ್ಟರೆ ಹೊಸ ತಂತಿ ಸುತ್ತಿಸಲು ಅವರ ಅಂಗಡಿಗೇ ಬರುತ್ತಿತ್ತು. ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋದರೆ ಸಾಕು, ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗಿ ಸುಟ್ಟುಹೋಗುತ್ತದೆ. ಬೈಗುಳ ಮಾತ್ರ ವೈಂಡಿಂಗ್ ಮಾಡಿದವರಿಗೆ. ದಬ್ಬೇಘಟ್ಟದ ಗಂಗಾಧರಯ್ಯನವರಂತೂ ಒಂದೇ ಬೇಸಿಗೆಯಲ್ಲಿ ಎರಡನೇ ಸಲ ಮೋಟರ್ ಸುಟ್ಟಾಗ, ಕೊಬ್ಬರಿ ಮಾರ್ಕೆಟ್ಟಿನಲ್ಲಿ ನಾಲ್ಕು ಜನರ ಮುಂದೆ, "ಸಾಬ್ರ ಕೈ ಕೆಟ್ಟೋಯ್ತು ಬುಡಿ" ಎಂದುಬಿಟ್ಟಿದ್ದರು.

"ಒಂದು ಫೇಸ್ ಹೋದ್ರೆ ಮೋಟರ್ ತಾನೇ ನಿಲ್ಲೋ ಹಂಗೆ ಬೋರ್ಡ್ ಮಾಡ್ಕೊಡಿ ಮೇಡಂ. ಅವ್ರ ತೋಟದಲ್ಲೇ ಹಾಕಿ ತೋರಿಸ್ತೀನಿ" ಎಂದರು ಸಾಬರು.

"ಮೋಟರ್ ಸುಡದಿದ್ರೆ ನಿಮ್ಮ ಅಂಗಡಿ ಗತಿಯೇನು ಸಾಬ್ರೇ?" ಎಂದು ಕೆಣಕಿದೆ.

"ಮೋಟರ್ ಸುಟ್ರೆ ವೈಂಡಿಂಗ್ ಮಾಡ್ಬೋದು. ಹೆಸರು ಸುಟ್ರೆ ಏನ್ಮಾಡ್ಲಿ?"

ನಗುತ್ತಲೇ ಹೇಳಿದರು, ಆದರೆ ನೋವಾಗಿದ್ದು ಕಾಣುತ್ತಿತ್ತು. ನನಗೂ ಗಂಗಾಧರಯ್ಯನವರ ಮೇಲೆ ಸಿಟ್ಟು ಬಂತು. ಒಪ್ಪಿಕೊಂಡೆ.

ಇಂಥ ಸಾಫ್ಟ್‌ವೇರಿನಲ್ಲಿ ಎರಡು ನಕ್ಷೆಗಳಿರುತ್ತವೆ. ಯಾವ ಬಿಡಿಭಾಗದ ಯಾವ ಕಾಲು ಯಾವುದಕ್ಕೆ ಸೇರಬೇಕು ಎಂದು ಹೇಳುವುದು ಸ್ಕೀಮ್ಯಾಟಿಕ್. ಅವು ಬೋರ್ಡಿನ ಮೇಲೆ ಎಲ್ಲಿ ಕೂರುತ್ತವೆ ಎಂದು ಹೇಳುವುದು ಲೇಔಟ್. ಮೊದಲನೆಯದರ ಮಾಹಿತಿ ಎರಡನೆಯದಕ್ಕೆ ಹೋದಾಗ ಕಾಲಿಂದ ಕಾಲಿಗೆ ಸಣ್ಣ ಗೆರೆಗಳು ಮೂಡಬೇಕು. ನಮಗೆ ಎಲ್ಲಕ್ಕೂ ಮೂಡಿದವು, ರಿಲೇಗೆ ಮಾತ್ರ ಒಂದೂ ಇಲ್ಲ. ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚಿಗೆ ರಿಲೇ ಎನ್ನುತ್ತಾರೆ. ಅದು ಆಫ್ ಆಗಿದ್ದಾಗ ಕರೆಂಟ್ ಒಂದು ಕಾಲಿಗೆ, ಆನ್ ಆದಾಗ ಇನ್ನೊಂದು ಕಾಲಿಗೆ ಹೋಗುತ್ತದೆ. ಮೋಟರನ್ನು ನಿಲ್ಲಿಸಬೇಕಾದ್ದೇ ಅದು. "ಪಿನ್ ಸಿಗಲಿಲ್ಲ", ಅಂದರೆ ರಿಲೇಯ ಕಾಲೇ ಸಿಗಲಿಲ್ಲ, ಎಂದು ಕಂಪ್ಯೂಟರ್ ಹಟ ಹಿಡಿದು ಕೂತಿತು.

ಮೊದಲು ಸ್ಕೀಮ್ಯಾಟಿಕ್‌ನ ಗೆರೆಗಳನ್ನು ನೋಡಿದೆ. ಸೇರಿದಂತೆ ಕಾಣುವ ಗೆರೆಗಳು ಎಷ್ಟೋ ಸಲ ಸೇರಿರುವುದಿಲ್ಲ. ಇಲ್ಲಿ ಸರಿಯಾಗಿಯೇ ಇದ್ದವು. ಕಂಪ್ಯೂಟರಿಗೆ ಚೆನ್ನಾಗಿ ಬೈದೆ. ಸಾಬರು ಟೀ ತರಿಸಿದರು. ಟೀ ಕುಡಿಯುವಾಗ ಹೊಳೆಯಿತು: ಸ್ಕೀಮ್ಯಾಟಿಕ್‌ನಲ್ಲಿ ರಿಲೇಯ ಕಾಲುಗಳಿಗೆ ಹೆಸರುಗಳಿವೆ, ಲೇಔಟ್‌ನಲ್ಲಿ ಬರೀ ನಂಬರುಗಳು. ಇದೇ ಅದು ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಸಾಬರು ರಿಲೇ ಕೈಯಲ್ಲಿ ಹಿಡಿದು ಯಾವ ಕಾಲು ಎಲ್ಲಿದೆ ಎಂದು ಹೇಳುತ್ತಾ ಹೋದರು, ನಾನು ಪರದೆ ನೋಡುತ್ತಾ ಲೇಔಟ್‌ನಲ್ಲೂ ಅದೇ ಹೆಸರು ಕೊಟ್ಟೆ. ಗೆರೆಗಳು ಪಟಪಟನೆ ಮೂಡಿದವು. ಆ ಗೆರೆಗಳ ಜಾಗದಲ್ಲಿ ಟ್ರ್ಯಾಕ್‌ಗಳನ್ನು, ಅಂದರೆ ಕರೆಂಟ್ ಹರಿಯುವ ತಾಮ್ರದ ದಾರಿಗಳನ್ನು, ಎಳೆದು ಚೆಕ್ ಮಾಡಿಸಿದರೆ ಎರರ್ ಸೊನ್ನೆ!

ಬೋರ್ಡ್ ಮಾಡಿಸಲು ಬೆಂಗಳೂರಿಗೆ ಕಳಿಸುವ ಮುಂಚೆ ನನ್ನದೊಂದು ಪದ್ಧತಿ. ಲೇಔಟನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಥರ್ಮೋಕೋಲಿಗೆ ಅಂಟಿಸಿ, ಬಿಡಿಭಾಗಗಳನ್ನು ಚುಚ್ಚಿ ನೋಡುತ್ತಿದ್ದೆ. ರಿಲೇಯೂ ಸಲೀಸಾಗಿ ಕೂತಿತು. "ಆಫ್ ಆಗಿದ್ದಾಗ ಕರೆಂಟ್ ಯಾವ ಕಾಲಿಗೆ ಹೋಗುತ್ತೆ ತೋರಿಸಿ" ಎಂದೆ. ಸಾಬರು ರಿಲೇಯನ್ನು ಕಿತ್ತು, ಅಂಗಾತ ಮಾಡಿ, "ಈ ಬಲಗಡೆ ಕಾಲಿಗೆ" ಎಂದರು.

ಅವರು ಅದನ್ನು ತಿರುಗಿಸಿದ್ದು ಆಗ ನನ್ನ ಕಣ್ಣಿಗೆ ಬಿತ್ತು. "ಆ ಕಾಲಿಗೆ ಸ್ವಲ್ಪ ಇಂಕು ಹಚ್ಚಿ ಮತ್ತೆ ಕೂರಿಸಿ" ಎಂದೆ.

ಇಂಕು ಕಾಗದದ ಎಡಗಡೆ ತೂತಿನಲ್ಲಿ ಮೂಡಿತು. ಲೇಔಟ್‌ನಲ್ಲಿ ನಾನು ಆ ಕಾಲಿನ ಹೆಸರು ಕೊಟ್ಟಿದ್ದು ಬಲಗಡೆ ತೂತಿಗೆ.

ಸಾಬರು ಅಲ್ಲಿಯವರೆಗೆ ಬೋರ್ಡಿನ ತಾಮ್ರದ ಮೇಲೆ ಪೇಂಟಿನಿಂದ ಗೆರೆ ಬರೆದು ಕೆಲಸ ಮಾಡಿದವರು. ತಾಮ್ರ ಇರುವುದು ಅಡಿಭಾಗದಲ್ಲಿ. ಹಾಗಾಗಿ ಯಾವ ಭಾಗವನ್ನಾದರೂ ಅಂಗಾತ ಮಲಗಿಸಿ ಕಾಲುಗಳ ಕಡೆಯಿಂದ ನೋಡುವುದೇ ಅವರ ಅಂಗಡಿಯ ರೂಢಿ. ನನ್ನ ಲೇಔಟ್ ಮೇಲಿನಿಂದ ನೋಡುತ್ತದೆ. ಇಬ್ಬರ ಮಾತೂ ಸರಿ, ಬೋರ್ಡ್ ಮಾತ್ರ ತಪ್ಪು. ಮೂರು ಫೇಸ್ ಸರಿಯಿದ್ದಾಗ ಅದು ಮೋಟರನ್ನು ನಿಲ್ಲಿಸಿ, ಒಂದು ಹೋದಾಗ ಓಡಿಸುತ್ತಿತ್ತು.

ಸಾಬರ ಮುಖ ಒಂದು ಕ್ಷಣ ಬಿಳುಚಿತು. "ಮೋಟರ್ ಸುಡೋ ಮಿಷನ್ನೇ ಮಾಡ್ಬಿಟ್ಟಿದ್ವಲ್ಲ ಮೇಡಂ!" ಎಂದವರು ಮರುಕ್ಷಣವೇ ನಗತೊಡಗಿದರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಫ್ ಆದಾಗಿನ ಕಾಲು, ಆನ್ ಆದಾಗಿನ ಕಾಲು ಎರಡರ ಹೆಸರು ಅದಲುಬದಲು ಮಾಡಿ, ಹೊಸದಾಗಿ ಟ್ರ್ಯಾಕ್ ಎಳೆದೆ. ಮತ್ತೆ ಎರರ್ ಸೊನ್ನೆ. ಕಂಪ್ಯೂಟರಿಗೆ ಎರಡೂ ಒಂದೇ!

ಬೋರ್ಡ್ ಸಿದ್ಧವಾದ ಮೇಲೆ ಬಸ್ಸಿನಲ್ಲಿ ದಬ್ಬೇಘಟ್ಟಕ್ಕೆ ಹೋದೆವು. ಬೋರ್ಡ್ ಹಾಕಿ ಪಂಪ್ ಓಡಿಸಿದರು. ಸಾಬರು ಫ್ಯೂಸ್ ಕ್ಯಾರಿಯರ್‌ಗೆ ಕೈ ಹಾಕಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಒಂದು ಫೇಸಿನ ಫ್ಯೂಸ್ ಕಿತ್ತರು. ಟಕ್ ಎಂದಿತು ರಿಲೇ, ಮೋಟರ್ ನಿಂತಿತು. ಗಂಗಾಧರಯ್ಯನವರು ಮೋಟರ್ ಮುಟ್ಟಿ ನೋಡಿದರು, ಬಿಸಿಯಿಲ್ಲ.

"ಮೋಟರ್ ನಿಂತಿದ್ದಕ್ಕೆ ಖುಷಿ ಆಗಿದ್ದು ಇದೇ ಮೊದ್ಲು ಕಣ್ರೀ ಸಾಬ್ರೇ" ಎಂದರು. ಆಮೇಲೆ ತಲೆ ತಗ್ಗಿಸಿ, "ಮಾರ್ಕೆಟ್‌ನಲ್ಲಿ ಅಂದಿದ್ನ ಮಾರ್ಕೆಟ್‌ನಲ್ಲೇ ವಾಪಸ್ ತಗೋತೀನಿ" ಎಂದು ಎಳನೀರು ಕೆತ್ತಿ ಕೊಟ್ಟರು. ಸಾಬರು ಎಳನೀರು ಕುಡಿಯುವ ನೆಪದಲ್ಲಿ ಬಹಳ ಹೊತ್ತು ತಲೆ ಮೇಲೆತ್ತಿಯೇ ಇದ್ದರು.

ಎರಡು ನಕ್ಷೆಗಳು ಒಂದನ್ನೊಂದು ಒಪ್ಪುತ್ತವೆಯೇ ಎಂಬುದನ್ನಷ್ಟೇ ಸಾಫ್ಟ್‌ವೇರ್ ಹೇಳುತ್ತದೆ. ಕೈಯಲ್ಲಿರುವ ವಸ್ತುವನ್ನು ಅವು ಒಪ್ಪುತ್ತವೆಯೇ ಎಂದು ನಾವೇ ನೋಡಬೇಕು. ಅಂದಿನಿಂದ ಯಾರಾದರೂ ಎಡ, ಬಲ ಎಂದು ಖಚಿತವಾಗಿ ಹೇಳಿದರೆ ನಾನು ರೇಗುವುದಿಲ್ಲ. "ಯಾವ ಕಡೆಯಿಂದ ನೋಡಿ ಹೇಳ್ತಿದೀರಿ?" ಎಂದು ಕೇಳುತ್ತೇನೆ. ಮನೆಯ ಜಗಳಗಳಲ್ಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.