ಗೇಟಕ್ಕನ ಏಟು

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲು ಕಾಯುತ್ತಿದ್ದ ಅವಳನ್ನು ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಗೇಟಕ್ಕ ಎಂದೇ ಕರೆಯುತ್ತಿದ್ದರು. ಗಂಡ ಲಾರಿ ಓಡಿಸುತ್ತ ಊರೂರು ಅಲೆಯುವವನು. ಮನೆಯಲ್ಲಿ ಅವಳು ಮತ್ತು ಬಾಯಿ ಜೋರಿನ ಅತ್ತೆ, ಇಬ್ಬರೇ.

ಒಂದು ಮಧ್ಯಾಹ್ನ ಒಳಗೆ ಒಬ್ಬ ಮುದುಕ ತೀರಿಕೊಂಡ. ಅವನ ಮಕ್ಕಳು ಡಾಕ್ಟರನ್ನು ಹುಡುಕಿಕೊಂಡು ನುಗ್ಗಿದರು. ಗೇಟಕ್ಕ ಅಡ್ಡ ನಿಂತಳು. ದೊಡ್ಡ ಮಗ ಸಲೈನ್ ತೂಗುಹಾಕುವ ಕಬ್ಬಿಣದ ಕಂಬವನ್ನೇ ಎತ್ತಿ ಬೀಸಿದ. ಅವಳ ಬಲಗಡೆಯ ಕೊರಳೆಲುಬು ಲಟಕ್ಕೆಂದಿತು. ಬಿದ್ದವಳ ಬಾಯಿಗೆ ಇನ್ನೊಬ್ಬ ಬೂಟುಗಾಲಲ್ಲಿ ಒದ್ದ. ಮುಂದಿನ ಹಲ್ಲುಗಳು ರಕ್ತದ ಜೊತೆ ನೆಲಕ್ಕೆ ಉದುರಿದವು.

ಮೂಳೆಯೇನೋ ಕೂಡಿಕೊಂಡಿತು. ಬಲಗೈಯ ನಡುಕ ಮಾತ್ರ ನಿಲ್ಲಲಿಲ್ಲ. ಲೋಟ ಹಿಡಿದರೆ ಅರ್ಧ ಟೀ ಸೀರೆಯ ಮೇಲೆ. ಎಲ್ಲಾದರೂ ಬಾಗಿಲು ದಡ್ ಎಂದರೆ ಮೂಲೆಯಲ್ಲಿ ಕುಕ್ಕರಿಸುತ್ತಿದ್ದಳು. ನಿದ್ದೆ ಹತ್ತಿರವೂ ಸುಳಿಯುತ್ತಿರಲಿಲ್ಲ. ಒಂದು ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಹಿಂದಿನಿಂದ ಬಂದು ಭುಜ ಮುಟ್ಟಿದರು. ತಿರುಗಿದವಳೇ ಅವರ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದಳು. ಮುದುಕಿಯ ಹಣೆ ಸೀಳಿ ರಕ್ತ ಕಣ್ಣಿಗಿಳಿಯಿತು.

“ಕೊಲ್ಲೋದಿದ್ರೆ ಪೂರ್ತಿ ಕೊಂದ್ಬಿಡೇ, ಅರ್ಧಂಬರ್ಧ ಕೆಲ್ಸ ಮಾಡ್ಬೇಡ,” ಎಂದರು ಅತ್ತೆ, ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತ. ಗೇಟಕ್ಕ ಅವರ ಕಾಲ ಬಳಿ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

ಹಣೆಗೆ ಹೊಲಿಗೆ ಹಾಕಿಸಿಕೊಂಡ ಅತ್ತೆ ಮನೆಗೆ ಹೋಗಲಿಲ್ಲ. ಸೊಸೆಯನ್ನು ಅದೇ ಆಸ್ಪತ್ರೆಯ ನೆಲಮಾಳಿಗೆಗೆ ಎಳೆದೊಯ್ದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸೊಬ್ಬಳು ಕೈ ಸ್ವಾಧೀನ ತಪ್ಪಿದವರನ್ನೂ ನಿದ್ದೆಗೆಟ್ಟವರನ್ನೂ ಸುತ್ತ ಕೂರಿಸಿ ಡ್ರಮ್ ಬಾರಿಸುವುದನ್ನು ಕಲಿಸುತ್ತಿದ್ದಳು.

ಗೇಟಕ್ಕ ಕೋಲನ್ನು ಕತ್ತಿಯಂತೆ ಹಿಡಿದು ಡ್ರಮ್ಮಿನ ಮೇಲೆ ಬಿದ್ದಳು. ಕಂಬ ಬೀಸಿದವನ ಮುಖ, ಒದ್ದವನ ಬೂಟು, ಎಲ್ಲವೂ ಅದರ ಮೇಲೇ ಕಂಡಂತಾಗಿ ಚಚ್ಚಿದಳು. ಡ್ರಮ್ಮಿನ ಚರ್ಮ ಪರ್ರನೆ ಹರಿಯಿತು.

ಪಕ್ಕದಲ್ಲಿದ್ದ, ಲಕ್ವ ಹೊಡೆದ ದರ್ಜಿಯೊಬ್ಬ ಮೆಲ್ಲನೆ ಕುರ್ಚಿ ಸರಿಸಿಕೊಂಡು, “ಯಾರಮ್ಮಾ ಅದು, ಗಂಡನಾ?” ಎಂದ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು; ಬೊಚ್ಚುಬಾಯಿಗೆ ಅಂಗೈ ಅಡ್ಡ ಹಿಡಿದಳು.

ಕಲಿಸುವವಳು ಬೇರೆ ಡ್ರಮ್ ಕೊಟ್ಟಳು. “ಎಷ್ಟು ಜೋರಾಗಾದ್ರೂ ಹೊಡಿ. ಉಸಿರು ಮಾತ್ರ ಕಟ್ಬೇಡ, ಬಿಡ್ತಾ ಹೊಡಿ. ನಾನು ಕೈ ಎತ್ತಿದ ಕೂಡ್ಲೆ ನಿಲ್ಸು.”

ಹೊಡೆಯುವುದು ಸುಲಭವಾಗಿತ್ತು, ನಿಲ್ಲಿಸುವುದೇ ಆಗುತ್ತಿರಲಿಲ್ಲ. ಎಲ್ಲರೂ ಸುಮ್ಮನಾದ ಮೇಲೂ ಅವಳ ಕೋಲು ಧಡಧಡ ಬೀಳುತ್ತಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಬರಬರುತ್ತ ದರ್ಜಿಯ ನಿಧಾನದ ಪೆಟ್ಟಿಗೆ ತನ್ನ ಪೆಟ್ಟನ್ನು ಕೂಡಿಸಲು ಕಲಿತಳು. ಬೆವರು ಸುರಿಸಿ ಮನೆಗೆ ಬಂದ ದಿನ ಹೊಟ್ಟೆ ಹಸಿಯುತ್ತಿತ್ತು, ಮಲಗಿದರೆ ಕಣ್ಣು ಹತ್ತುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕೈ ನಡುಗದೆ ಲೋಟ ಹಿಡಿಯಿತು. ಅವಳು ಕೆಲಸಕ್ಕೆ ಮರಳಿದಳು.

ಸ್ವಲ್ಪ ದಿನಕ್ಕೇ ಕುಡುಕನೊಬ್ಬ ಒಡೆದ ಬಾಟಲಿ ಹಿಡಿದು ಬಂದು ನರ್ಸಿನ ಜುಟ್ಟಿಗೆ ಕೈ ಹಾಕಿದ. ಗೇಟಕ್ಕ ಲಾಠಿ ಬೀಸಿದಳು. ಅವನ ಮಣಿಕಟ್ಟು ಮುರಿದು ಬಾಟಲಿ ಬಿತ್ತು. ಅವನು ಎಡಗೈ ಎತ್ತಿಕೊಂಡು ಮೇಲೆ ಬಿದ್ದಾಗ ಇನ್ನೊಂದು ಕೊಟ್ಟಳು. ಮೂಗು ಒಡೆದು ರಕ್ತ ಅವಳ ಸಮವಸ್ತ್ರದ ಅಂಗಿಗೆ ಚಿಮ್ಮಿತು. ಅವನು ಮಂಡಿಯೂರಿದ. ಲಾಠಿ ಮತ್ತೆ ಮೇಲೆದ್ದಿತ್ತು. ಅವನ ನೆತ್ತಿ ಕೈಯಳತೆಯಲ್ಲೇ ಇತ್ತು. ಒಡೆದೇಬಿಡಬೇಕು ಎನಿಸಿತು. ಉಸಿರು ಬಿಟ್ಟಳು. ಲಾಠಿ ಇಳಿಸಿದಳು.

“ಏಳ್ಬೇಡ. ಎದ್ರೆ ಗ್ರಹಚಾರ ಬಿಡಿಸ್ತೀನಿ,” ಎಂದಳು. ಪೊಲೀಸರು ಬರುವವರೆಗೂ ಅವನು ಏಳಲಿಲ್ಲ.

ಸಂಜೆ ಬಾಗಿಲು ತೆಗೆದ ಅತ್ತೆ ಅವಳ ಅಂಗಿ ನೋಡಿ ಗಾಬರಿಯಾದರು.

“ನಿನ್ನ ರಕ್ತಾನಾ?”

“ಅಲ್ಲ ಅತ್ತೆ, ಅವನ್ದು.”

“ಹಾಗಾದ್ರೆ ತಣ್ಣೀರಲ್ಲಿ ನೆನೆಸು. ಬಿಸಿನೀರು ಹಾಕಿದ್ರೆ ಕಲೆ ಕೂತ್ಕೊಳ್ಳತ್ತೆ.”

ಗೇಟಕ್ಕ ಬಕೆಟ್ಟಿಗೆ ನೀರು ಬಿಟ್ಟಳು.