ಯಾರೂ ಹಾಡದ ಎರಡನೆಯ ಸಾಲು

ರಾಮನಗರದ ನಮ್ಮ ಬೀದಿಯಲ್ಲಿ ಮನೆಗೊಂದು ರೇಷ್ಮೆ ನೂಲು ತೆಗೆಯುವ ಯಂತ್ರವಿತ್ತು. ಗೂಡು ಬೇಯುವ ವಾಸನೆ ಉಟ್ಟ ಬಟ್ಟೆಯಲ್ಲೂ ಉಣ್ಣುವ ತಟ್ಟೆಯಲ್ಲೂ ಇರುತ್ತಿತ್ತು. ನಮಗದು ಗೊತ್ತೇ ಆಗುತ್ತಿರಲಿಲ್ಲ. ಆ ಬೀದಿಯ ಮೇಲೆ ನನ್ನ ಚಿಕ್ಕಪ್ಪ ಒಂದು ಹಾಡು ಕಟ್ಟಿದ. ಮದುವೆಮನೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಯಂತ್ರದ ಕಟಕ್ ಕಟಕ್ ಸದ್ದನ್ನೇ ತಂತಿಗಿಳಿಸಿ, "ಇದುಕ್ಕೆ ಫಂಕ್ ಅಂತಾರೆ ಕಣ್ರಲಾ, ಫಾರಿನ್ ತಾಳ, ಸೊಂಟ ತಾನಾಗೇ ಕುಣೀತದೆ" ಎಂದು ಜಂಭ ಕೊಚ್ಚಿದ.

"ಮೂಗು ಮುಚ್ಕೊಂಡ್ ಬಾರೋ ನಮ್ ಬೀದೀಗೆ, ಮನ್ಸು ಬಿಚ್ಕೊಂಡ್ ಹೋಗೋ ನಿಮ್ ಊರೀಗೆ" ಎಂಬುದು ಅದರ ಪಲ್ಲವಿ. ಗಣೇಶನ ಪೆಂಡಾಲಿನಲ್ಲಿ ಮೊದಲ ಸಲ ಹಾಡಿದಾಗ ಬೀದಿಗೆ ಬೀದಿಯೇ ಕುಣಿಯಿತು. ಎಲ್ಲರಿಗಿಂತ ಹೆಚ್ಚು ಕುಣಿದವಳು ನನ್ನ ಅಕ್ಕ. ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಬಿಳಿಚಿಕೊಂಡ ಬೆರಳುಗಳನ್ನು ಮೇಲೆತ್ತಿ ಕುಣಿದಳು. ನಮ್ಮನ್ನೂ ಒಂದು ಹಾಡಿಗೆ ಸೇರಿಸಿದರಲ್ಲ ಎಂಬ ಹೆಮ್ಮೆ ಅವಳಿಗೆ.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲವದು. ಅಕ್ಕ ಅಲ್ಲೊಂದು ಗಾರ್ಮೆಂಟ್ಸ್ ಸೇರಿದಳು. ಅಷ್ಟರಲ್ಲಿ ಹಾಡು ಸಿ.ಡಿ.ಯಾಗಿ ಆಟೋ, ಬಸ್ಸುಗಳನ್ನು ಹತ್ತಿತ್ತು. ನಮ್ಮ ಬೀದಿಯ ಸ್ಟಾಪಿನಲ್ಲಿ ಅವಳು ಕಂಪನಿ ಬಸ್ಸು ಹತ್ತಿದರೆ ಸಾಕು, ಜೊತೆ ಕೆಲಸದವರು ಮೊದಲ ಸಾಲು ಹಾಡಿ ಮೂಗು ಹಿಡಿದು ನಗುತ್ತಿದ್ದರು. ಎರಡನೆಯ ಸಾಲು ಯಾರ ಬಾಯಲ್ಲೂ ಬರಲಿಲ್ಲ. ಅವಳ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಆ ಜನರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವರ ಮನೆಯ ಮದುವೆ ಸೀರೆ ಮತ್ತೆಲ್ಲಿಂದ ಬಂತಂತೆ?

ಅಕ್ಕ ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದು ಬರತೊಡಗಿದಳು. ಯಾರಾದರೂ ಮನೆ ಎಲ್ಲಿ ಎಂದರೆ ಬೇರೆ ಬಡಾವಣೆಯ ಹೆಸರು ಹೇಳುತ್ತಿದ್ದಳು. ಒಂದು ಸಂಜೆ ಚಿಕ್ಕಪ್ಪನೆದುರು ನಿಂತು, "ಹಾಡು ಕಟ್ಟಾಕೆ ನಿಂಗೆ ಬೇರೆ ಏನೂ ಸಿಕ್ನಿಲ್ವಾ ಚಿಕ್ಕಪ್ಪಾ?" ಎಂದು ಅತ್ತುಬಿಟ್ಟಳು.

"ಪೂರ್ತಿ ಕೇಳುದ್ರೆ ಹಂಗನ್ಸಲ್ಲ ಕಣವ್ವಾ" ಎಂದ ಅವನು.

ಅವನ ಮಾತು ಸುಳ್ಳಲ್ಲ. ಆದರೆ ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? ಅವತ್ತಿನಿಂದ ಅವನು ಆ ಹಾಡು ನುಡಿಸಲೇ ಇಲ್ಲ. ಯಾರಾದರೂ ಪೀಡಿಸಿದರೆ ತಂತಿ ಕಿತ್ತುಹೋಗಿದೆ ಎನ್ನುತ್ತಿದ್ದ. ಹಾಡು ಮಾತ್ರ ಅವನನ್ನು ಕೇಳದೆ ಚನ್ನಪಟ್ಟಣ, ಮಾಗಡಿ ಎಲ್ಲ ಸುತ್ತಿತು.

ಅಕ್ಕ ಕನಕಪುರಕ್ಕೆ ಮದುವೆಯಾಗಿ ಹೋದಳು. ಬೀದಿಯ ಯಂತ್ರಗಳು ಒಂದೊಂದಾಗಿ ನಿಂತವು. ನಾವೂ ಹೊಸ ಬಡಾವಣೆಗೆ ಮನೆ ಬದಲಿಸಿದೆವು. ಎಷ್ಟೋ ವರ್ಷಗಳ ಮೇಲೆ ಚಿಕ್ಕಪ್ಪನೂ ನಾನೂ ಅಕ್ಕನ ಮನೆಗೆ ಹೋಗಿದ್ದಾಗ, ಅವಳ ಮಗಳು ಶಾಲೆಯ ಡ್ಯಾನ್ಸಿಗೆಂದು ಕಲಿತ ಹಾಡಿಗೆ ಕುಣಿದು ತೋರಿಸಿದಳು. ಅದೇ ಹಾಡು. ಎರಡೂ ಸಾಲು ಬಾಯಿತುಂಬ ಹಾಡಿದಳು. ಚಿಕ್ಕಪ್ಪನ ಕಾಲು ತಾಳ ಹಾಕತೊಡಗಿತ್ತು.

"ಅಮ್ಮಾ, ಈ ಬೀದಿ ಎಲ್ಲೈತೆ?"

ಅಕ್ಕ ನಮ್ಮ ಮುಖ ನೋಡಲಿಲ್ಲ. "ಅಂತಾ ಬೀದಿ ಎಲ್ಲೂ ಇಲ್ಲ ಕಣೇ" ಎಂದಳು.

ಮಗು ಚಿಕ್ಕಪ್ಪನ ಕಡೆ ತಿರುಗಿ, "ಹೌದಾ ತಾತಾ?" ಎಂದಿತು.

ಅವನ ಕಾಲು ನಿಂತಿತು. "ಹೂಂ ಕಣವ್ವಾ" ಎಂದ. "ಯಾರೋ ಸುಮ್ನೆ ಕಟ್ಟವ್ರೆ."