ಮಂಕಾದ ಮೀಟರ್ ದೀಪ

ತೆಂಗಿನಕಾಯಿ ಕೊಂಡರೆ ಅಂಗಡಿಯಲ್ಲೊಮ್ಮೆ, ಮನೆಗೆ ಬಂದು ಇನ್ನೊಮ್ಮೆ ಅಲ್ಲಾಡಿಸಿ ನೋಡುವ ಜಾಯಮಾನ ನಂದು. ಅನುಮಾನ ಅನ್ನೋದು ನನಗೆ ಹುಟ್ಟಿದಾಗಿನಿಂದ ಅಂಟಿಕೊಂಡು ಬಂದೈತೆ.

ಅಪ್ಪನ ಕಾಲದ ಕಾರನ್ನು ನಾನು ಈಗಲೂ ಓಡಿಸುತ್ತೇನೆ. ಅದರ ಮೀಟರಿನ ಒಳಗೆ ನಾಲ್ಕು ಹಳದಿ ಬಲ್ಬು ಇದ್ದವು, ಎರಡು ಸುಟ್ಟುಹೋದವು. ನ್ಯಾಮತಿಯ ಎಲೆಕ್ಟ್ರಿಷಿಯನ್ ಒಬ್ಬ ಇಪ್ಪತ್ತು ವರ್ಷದಿಂದ ಈ ಗಾಡಿ ನೋಡಿಕೊಂಡು ಬಂದವನು. ನನ್ನನ್ನು ಬಾಯಿ ತುಂಬ ಅಣ್ಣಾ ಅನ್ನುತ್ತಿದ್ದ. 'ಇವು ಈಗ ಸಿಗಲ್ಲ ಅಣ್ಣಾ' ಅಂದವನೇ ನಾಲ್ಕೂ ತೆಗೆದು ಎಲ್‌ಇಡಿ ಹಾಕಿದ. ಕಣ್ಣು ಕುಕ್ಕುವ ಬಿಳಿ ಬೆಳಕು. ಬೆಳಕು ತಗ್ಗಿಸುವ ತಿರುಪು ಎಷ್ಟು ತಿರುಗಿಸಿದರೂ ಜಗ್ಗಲಿಲ್ಲ. 'ಎಲ್‌ಇಡಿ ಆ ತಿರುಪಿನ ಮಾತು ಕೇಳಲ್ಲ ಅಣ್ಣಾ' ಅಂತ ನಕ್ಕ.

ತಿರುಪಿಗೆ ಬಗ್ಗದ ಬೆಳಕು ಎರಡು ತಿಂಗಳಲ್ಲಿ ತಾನಾಗೇ ಮಂಕಾಗತೊಡಗಿತು. ಮುಸ್ಸಂಜೆ ಹೊನ್ನಾಳಿ ರಸ್ತೆಯಲ್ಲಿ ಸ್ಪೀಡಿನ ಮುಳ್ಳು ಎಲ್ಲೈತೆ ಅಂತ ಬಗ್ಗಿ ಹುಡುಕಬೇಕು. ಗಾಜು ಒರೆಸಿದೆ, ಏನೂ ಆಗಲಿಲ್ಲ. ಸಿಕ್ಕಿಬಿದ್ದ ನೋಡು, ಅಂದುಕೊಂಡೆ. ಡೂಪ್ಲಿಕೇಟ್ ಮಾಲು ಹಾಕ್ಯಾನೆ. ಅಲ್ಲ, ನನ್ನ ಹಳೇ ಬಲ್ಬು ಎಲ್ಲಿ ಹೋದವು? ಹಳೇ ಕಾರಿನ ಹುಚ್ಚು ಇರೋರಿಗೆ ಮಾರಿಕೊಂಡಿರಬೇಕು.

ಅವನನ್ನೇ ನೇರ ಕೇಳಬಹುದಿತ್ತು. ಕೇಳಲಿಲ್ಲ. ಅವನನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಿದೆ. ಸಂತೇಬೆನ್ನೂರು ಸಂತೆಯಲ್ಲಿ ಹೇಳಿದೆ, ನ್ಯಾಮತಿಯ ಟೀ ಅಂಗಡಿಯಲ್ಲೇ ಕೂತು ಹೇಳಿದೆ. 'ಅವನ ಹತ್ರ ಗಾಡಿ ಬಿಟ್ರೆ ಪಕ್ಕದಾಗೇ ಕೂತ್ಕೊಳ್ರಿ' ಅಂತ ಬುದ್ಧಿಯನ್ನೂ ಹೇಳಿದೆ.

ಕೊನೆಗೆ ಅವನ ಕಳ್ಳತನ ರುಜುವಾತು ಮಾಡಾಕೆ ಅಂತಲೇ ಹೊನ್ನಾಳಿಯ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಮೀಟರ್ ಬಿಚ್ಚಿಸಿದೆ. ಅವನು ಗಾಜಿನ ಒಳಮೈಗೆ ಬೆರಳೆಳೆದು ನನ್ನ ಮುಂದೆ ಹಿಡಿದ. ಬೆರಳ ತುಂಬ ಜಿಡ್ಡು ಜಿಡ್ಡು ಕಂದು ಮಸಿ.

'ಉದುಬತ್ತಿ ಎಲ್ಲಿ ಚುಚ್ತೀರಿ?'

ಮೀಟರಿನ ಕೆಳಗಿನ ಸಂದಿಯಲ್ಲಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಎರಡು ಕಡ್ಡಿ, ಅಪ್ಪ ಹಾಕಿಕೊಟ್ಟ ರೂಢಿ. ಹೊಸ ಬೆಳಕಿಗೆ ಯಾರ ಕಣ್ಣೂ ಬೀಳದಿರಲಿ ಅಂತ ಎರಡರ ಜಾಗದಲ್ಲಿ ನಾಲ್ಕು ಮಾಡಿದ್ದೆ. ಅಮಾವಾಸ್ಯೆಗೆ ಕಾರಿನ ಬಾಗಿಲು ಹಾಕಿ ಲೋಬಾನದ ಹೊಗೆ ಬೇರೆ.

'ಗಾಜಿನ ಸುತ್ತ ಇರೋ ರಬ್ಬರ್ ಒಣಗೈತೆ. ಹೊಗೆಯೆಲ್ಲಾ ಒಳಗೆ ಹೋಗಿ ಕೂತೈತೆ. ಬಲ್ಬು ಮಾತ್ರ ಒಳ್ಳೇ ಮಾಲು ಹಾಕ್ಯಾರೆ' ಅಂದ. ಒರೆಸಿ ಕೂರಿಸಿದ. ಅದೇ ಬಿಳಿ ಬೆಳಕು ಮುಖಕ್ಕೆ ಬಡಿಯಿತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ಅಲ್ಲಿಂದ ಸೀದಾ ನ್ಯಾಮತಿಗೆ ಹೋದೆ. ಇಪ್ಪತ್ತು ವರ್ಷದ ಬಳಕೆ, ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. 'ತಪ್ಪಾಯ್ತಪ್ಪಾ' ಅಂದೆ. ಟೀ ಅಂಗಡಿಯ ಮಾತು ಅವನ ಕಿವಿಗೂ ಬಿದ್ದಿತ್ತು. ಒಳಗಿನಿಂದ ಒಂದು ಸಣ್ಣ ಬಟ್ಟೆ ಗಂಟು ತಂದು ಬಾನೆಟ್ ಮೇಲಿಟ್ಟ.

'ಅವತ್ತು ಬಿಟ್ಟು ಹೋಗಿದ್ರಿ. ಸುಟ್ಟವು ಎರಡು, ಉರಿಯೋವು ಎರಡು. ಎಣಿಸ್ಕೊಳ್ರಿ ಸಾಹುಕಾರ್ರೆ.'

ಅಣ್ಣಾ ಅನ್ನಲಿಲ್ಲ. ಬೇಡ, ಏನೂ ಎಣಿಸೋದು ಬೇಡ ಅಂತ ನಾನು ಅನ್ನಬೇಕಿತ್ತು. ಅಷ್ಟರಲ್ಲಿ ನನ್ನ ಹಾಳು ಕೈ ಗಂಟು ಬಿಚ್ಚಿ ಎಣಿಸಿಯೇ ಬಿಟ್ಟಿತ್ತು. ನಾಲ್ಕೂ ಇದ್ದವು.